ಹಡಪದಿಂದ ಕುರ್ಚಿಗೆ: ದಾವಣಗೆರೆ–ಹರಿಹರ ಸೀಮೆಯ ಕ್ಷೌರವೃತ್ತಿ ಮತ್ತು ಹಳೆಯ ಕುರ್ಚಿಗಳ ಸಂರಕ್ಷಣೆ

೧. ಪೀಠಿಕೆ

ಕರ್ನಾಟಕದಲ್ಲಿ ಜಾನಪದ ಅಧ್ಯಯನವು ಹಾಡು, ಕತೆ, ಗಾದೆ, ಒಗಟುಗಳ ಸಂಗ್ರಹದಿಂದ ಆರಂಭವಾಯಿತು. ಜನಪದರ ಕೈಯಲ್ಲಿ ಸವೆದ ವಸ್ತುಗಳೂ ಅಧ್ಯಯನಕ್ಕೆ ಯೋಗ್ಯವಾದ ಆಕರಗಳೆಂಬ ತಿಳಿವಳಿಕೆ ಮೂಡಲು ಸ್ವಲ್ಪ ಕಾಲ ಹಿಡಿಯಿತು. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ, ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ರೂಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಮೊದಲಾದವು ಈ ತಿಳಿವಳಿಕೆಯ ಫಲಗಳು. ನೇಗಿಲು, ಕೂರಿಗೆ, ಬೀಸುವ ಕಲ್ಲು, ತೊಗಲುಗೊಂಬೆಗಳಿಗೆ ಇಂತಹ ಸಂಗ್ರಹಗಳಲ್ಲಿ ಸ್ಥಾನ ದೊರೆತಿದೆ.

ಆದರೆ ಕ್ಷೌರದಂಗಡಿಯ ಹಳೆಯ ಕುರ್ಚಿ ಈ ಎಲ್ಲ ವರ್ಗೀಕರಣಗಳ ನಡುವೆ ಜಾರಿಹೋದ ವಸ್ತು. ಅದು ಪೇಟೆಯದಾದ್ದರಿಂದ ಜಾನಪದ ವಿದ್ವಾಂಸರ ಗಮನಕ್ಕೆ ಬೀಳಲಿಲ್ಲ. ಯಂತ್ರಯುಗದ್ದಾದ್ದರಿಂದ ಪುರಾತತ್ತ್ವಕ್ಕೆ ಸೇರಲಿಲ್ಲ. ದುಡಿಮೆಯ ಸಾಧನವಾದ್ದರಿಂದ ಕಲಾವಸ್ತುವೆನಿಸಲಿಲ್ಲ. ಕಾನೂನಿನ ರಕ್ಷಣೆಯೂ ಇದಕ್ಕೆ ದೊರೆಯುವುದು ವಿರಳ. ೧೯೭೨ರ ಪ್ರಾಚೀನ ವಸ್ತು ಮತ್ತು ಕಲಾನಿಧಿ ಕಾಯಿದೆಯು ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುವನ್ನು ಮಾತ್ರ ಪ್ರಾಚೀನ ವಸ್ತುವೆಂದು ಪರಿಗಣಿಸುತ್ತದೆ. ಸಲೂನಿನ ಕುರ್ಚಿಗಳಲ್ಲಿ ಬಹುಪಾಲು ಆ ವಯಸ್ಸು ಮುಟ್ಟುವ ಮೊದಲೇ ಗುಜರಿ ಸೇರುತ್ತವೆ.

ಗುತ್ತೂರು, ಹರಿಹರ ಮತ್ತು ದಾವಣಗೆರೆಗಳನ್ನೊಳಗೊಂಡ ತುಂಗಭದ್ರೆಯ ದಂಡೆಯ ಸೀಮೆಯನ್ನು ನೆಲೆಯಾಗಿಟ್ಟುಕೊಂಡು, ಕ್ಷೌರವೃತ್ತಿಯು ಹಡಪದಿಂದ ಕುರ್ಚಿಗೆ ಸಾಗಿಬಂದ ಬಗೆಯನ್ನೂ, ಆ ಕುರ್ಚಿಗಳ ಸಂಗ್ರಹ ಮತ್ತು ಜೀರ್ಣೋದ್ಧಾರದಲ್ಲಿ ಪಾಲಿಸಬೇಕಾದ ವಿಧಾನವನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೨. ಹೆಸರುಗಳು ಹೇಳುವ ಚರಿತ್ರೆ

ಈ ವೃತ್ತಿಯವರನ್ನು ಗುರುತಿಸಲು ಕನ್ನಡದಲ್ಲಿ ಹಲವು ಹೆಸರುಗಳಿವೆ. ಸಂಸ್ಕೃತದ ನಾಪಿತ ಶಬ್ದದಿಂದ ನಾವಿದ, ನಾಯಿಂದ ಎಂಬ ರೂಪಗಳು ಬಳಕೆಗೆ ಬಂದಿವೆ. ಉತ್ತರ ಕರ್ನಾಟಕದಲ್ಲಿ ಭಜಂತ್ರಿ ಎಂಬ ಹೆಸರು ವಾದ್ಯಸೇವೆಯನ್ನು ನೆನಪಿಸುತ್ತದೆ. ಮದುವೆ, ಜಾತ್ರೆ, ಉತ್ಸವಗಳಲ್ಲಿ ವಾಲಗ ಊದುವ ಹೊಣೆ ಅನೇಕ ಊರುಗಳಲ್ಲಿ ಇದೇ ಮನೆತನಗಳದಾಗಿತ್ತು. ಬೈಗುಳವಾಗಿ ಬಳಕೆಯಾಗಿ ಸಮುದಾಯವನ್ನು ನೋಯಿಸುತ್ತ ಬಂದಿರುವ ‘ಹಜಾಮ’ ಎಂಬ ಮಾತು ಮೂಲದಲ್ಲಿ ಅರಬ್ಬಿ ಶಬ್ದ. ಮೈಗೆ ಬಟ್ಟಲು ಕವುಚಿ ಕೆಟ್ಟ ರಕ್ತ ತೆಗೆಯುವ ಚಿಕಿತ್ಸಕ ಎಂಬುದು ಅದರ ಅರ್ಥ. ವೈದ್ಯಸೇವೆಯ ಹೆಸರು ನಿಂದೆಯ ಮಾತಾದದ್ದು ವೃತ್ತಿಯ ಬಗೆಗೆ ಸಮಾಜ ತಳೆದ ಧೋರಣೆಯ ಕುರುಹು. ಯುರೋಪಿನಲ್ಲೂ ಕ್ಷೌರಿಕರು ಶಸ್ತ್ರಚಿಕಿತ್ಸಕರಾಗಿದ್ದರು. ಲಂಡನ್ನಿನಲ್ಲಿ ೧೫೪೦ರಲ್ಲಿ ಒಂದಾದ ಈ ಎರಡು ವೃತ್ತಿಗಳ ಸಂಘ ೧೭೪೫ರಲ್ಲಷ್ಟೇ ಬೇರ್ಪಟ್ಟಿತು.

‘ಹಡಪ’ ಎಂಬುದು ಹೆಚ್ಚು ವಿಚಾರಣೀಯವಾದ ಪದ. ಎಲೆಯಡಕೆಯ ಚೀಲ ಮತ್ತು ಕ್ಷೌರಿಕನ ಸಲಕರಣೆಗಳ ಚೀಲ ಎಂಬ ಎರಡೂ ಅರ್ಥಗಳು ಇದಕ್ಕಿವೆ. ಅರಸರ ತಾಂಬೂಲದ ಚೀಲ ಹಿಡಿಯುವವನು ಹಡಪವಳ; ಅದು ನಂಬುಗೆಯ ಹುದ್ದೆ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರ ಹೆಸರಿನಲ್ಲಿ ಈ ಪದವಿದೆ. ಅವರ ಪತ್ನಿ ಲಿಂಗಮ್ಮ ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದರು. ಕ್ಷೌರವೃತ್ತಿಯ ಹಡಪದ ಸಮಾಜ ಅಪ್ಪಣ್ಣನವರನ್ನು ತನ್ನ ಮೂಲಪುರುಷರೆಂದು ಗೌರವಿಸಿದರೆ, ಸವಿತಾ ಸಮಾಜ ಸವಿತಾ ಮಹರ್ಷಿಯನ್ನು ಸ್ಮರಿಸುತ್ತದೆ. ಒಂದೇ ಕಸುಬು ಎರಡು ಪರಂಪರೆಗಳಲ್ಲಿ ತನ್ನ ಘನತೆಯ ಬೇರುಗಳನ್ನು ಹುಡುಕಿಕೊಂಡಿದೆ.

೩. ಶಾಸನದಲ್ಲಿ ಕ್ಷೌರಿಕ, ಕಣದಲ್ಲಿ ಆಯಗಾರ

ವಿಜಯನಗರದ ಸದಾಶಿವರಾಯನ ಆಳ್ವಿಕೆಯಲ್ಲಿ (೧೫೪೨–೧೫೭೦) ರಾಜ್ಯದ ಸೂತ್ರ ಹಿಡಿದಿದ್ದ ಅಳಿಯ ರಾಮರಾಯನು ಕ್ಷೌರಿಕರ ಮೇಲಿನ ತೆರಿಗೆಗಳನ್ನು ಮನ್ನಾ ಮಾಡಿಸಿದ ಸಂಗತಿ ಶಾಸನಗಳಲ್ಲಿ ದಾಖಲಾಗಿದೆ. ಅವನ ಮೆಚ್ಚುಗೆಗೆ ಪಾತ್ರರಾದ ತಿಮ್ಮೋಜ, ಕೊಂಡೋಜ ಮೊದಲಾದ ಕ್ಷೌರಿಕರ ಹೆಸರುಗಳು ಈ ಶಾಸನಗಳಲ್ಲಿ ಕಾಣಿಸುತ್ತವೆ. ಬಾದಾಮಿಯಲ್ಲಿ ಮಾತ್ರವಲ್ಲದೆ ಚಿತ್ರದುರ್ಗದ ಸೀಮೆಯಲ್ಲೂ ಇಂತಹ ಶಾಸನಗಳಿವೆ. ಬಿಟ್ಟಿ, ಬಿರಾಡ, ಕಾಣಿಕೆಗಳಂತಹ ಹೊರೆಗಳಿಂದ ಇಡೀ ವೃತ್ತಿಗೆ ವಿನಾಯಿತಿ ದೊರೆತದ್ದು ಸಾಮಾನ್ಯ ಸಂಗತಿಯಲ್ಲ. ವಿನಾಯಿತಿಯ ಜೊತೆಗೆ ಇನ್ನೊಂದು ಸತ್ಯವೂ ಇಲ್ಲಿ ವ್ಯಕ್ತವಾಗುತ್ತದೆ: ಅದುವರೆಗೆ ಆ ಹೊರೆಗಳೆಲ್ಲ ಕ್ಷೌರಿಕನ ಹೆಗಲ ಮೇಲಿದ್ದವು.

ಗ್ರಾಮವ್ಯವಸ್ಥೆಯಲ್ಲಿ ನಾಯಿಂದನು ಹನ್ನೆರಡು ಆಯಗಾರರಲ್ಲಿ ಒಬ್ಬ. ವರ್ಷವಿಡೀ ಮನೆಮನೆಗೆ ಹೋಗಿ ಮಾಡಿದ ಕ್ಷೌರಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳಿನ ರೂಪದಲ್ಲಿ ಆಯ ಪಡೆಯುತ್ತಿದ್ದ. ಮಗುವಿನ ಜವಳ, ಮದುವೆಯ ಮುನ್ನಿನ ಕ್ಷೌರ, ಸಾವಿನ ನಂತರದ ಕೇಶಮುಂಡನ ಹೀಗೆ ಬದುಕಿನ ಮುಖ್ಯ ಘಟ್ಟಗಳಿಗೆಲ್ಲ ಅವನು ಬೇಕು. ಆ ಮನೆತನದ ಹೆಂಗಸರು ಹಲವೆಡೆ ಸೂಲಗಿತ್ತಿಯರಾಗಿದ್ದರು. ಇಷ್ಟು ಅನಿವಾರ್ಯನಾದ ಮನುಷ್ಯನ ಮುಖವನ್ನು ಬೆಳಗ್ಗೆ ನೋಡುವುದು ಅಪಶಕುನವೆಂದೂ, ಅವನ ಸ್ಪರ್ಶದ ನಂತರ ಸ್ನಾನ ಕಡ್ಡಾಯವೆಂದೂ ನಂಬಿದ್ದುದು ಈ ವ್ಯವಸ್ಥೆಯ ದೊಡ್ಡ ವಿರೋಧಾಭಾಸ.

ಆಗಿನ ಕ್ಷೌರಕ್ಕೆ ಕುರ್ಚಿ ಇರಲಿಲ್ಲ. ಕಟ್ಟೆ, ಮರದ ನೆರಳು, ದನದ ಕೊಟ್ಟಿಗೆಯ ಮಗ್ಗುಲು, ಹೊಳೆಯ ದಂಡೆ ಇವೇ ತಾಣಗಳು. ಮಾಡಿಸಿಕೊಳ್ಳುವವನು ಮಣೆಯ ಮೇಲೋ ಬರಿಯ ನೆಲದ ಮೇಲೋ ಕೂರುತ್ತಿದ್ದ; ಮಾಡುವವನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಅವನ ತಲೆಯನ್ನು ತನ್ನ ಮೊಣಕಾಲಿನ ಕಡೆಗೆ ಬಾಗಿಸಿಕೊಳ್ಳುತ್ತಿದ್ದ. ಹಡಪದೊಳಗೆ ಕತ್ತಿ, ಕತ್ತರಿ, ಬಾಚಣಿಗೆ, ಉಗುರು ತೆಗೆಯುವ ಸಣ್ಣ ಉಳಿ, ಸಾಣೆಕಲ್ಲು, ಚರ್ಮದ ಪಟ್ಟೆ, ನೀರಿನ ಬಟ್ಟಲು, ಕೈಗನ್ನಡಿ, ಪಟಿಕದ ಹರಳು ಇಷ್ಟೇ. ಅಂಗಡಿಯೇ ಹೆಗಲ ಮೇಲಿದ್ದುದರಿಂದ ಕರೆದಲ್ಲಿಗೆ ಹೋಗುವುದು ಅವನ ಪಾಡಾಗಿತ್ತು.

೪. ರಸ್ತೆ, ರೈಲು, ಗಿರಣಿ

ಹರಿಹರವು ಹೊಯ್ಸಳ ದಂಡನಾಯಕ ಪೋಲಾಳ್ವನು ೧೨೨೪ರ ಸುಮಾರಿನಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಕ್ಷೇತ್ರ. ದಾವಣಗೆರೆಯ ಬೆಳವಣಿಗೆ ತೀರ ಈಚಿನದು. ಹೈದರಾಲಿಯಿಂದ ಜಹಗೀರಾಗಿ ಇದನ್ನು ಪಡೆದ ಆಪೋಜಿ ರಾಮ್ ಎಂಬ ಮರಾಠಾ ಸರದಾರನು ವರ್ತಕರನ್ನು ಕರೆಸಿ ನೆಲೆಗೊಳಿಸಿದ ಮೇಲೆ ಇದು ಪೇಟೆಯಾಯಿತು. ೧೮೦೧ರಲ್ಲಿ ಈ ದಾರಿಯಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಂಬಳಿ ವ್ಯಾಪಾರವನ್ನು ಗಮನಿಸಿದ್ದಾನೆ. ೧೮೬೮ರಲ್ಲಿ ಹರಿಹರದಲ್ಲಿ ತುಂಗಭದ್ರೆಗೆ ಸೇತುವೆಯಾಯಿತು; ೧೮೮೦ರ ದಶಕದ ಕೊನೆಗೆ ರೈಲುಮಾರ್ಗ ಬಂದಿತು. ೧೯೩೦ರ ದಶಕದಿಂದ ದಾವಣಗೆರೆಯಲ್ಲಿ ಹತ್ತಿಗಿರಣಿಗಳು ತಲೆಯೆತ್ತಿ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದವು. ೧೯೪೧ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಗೊಂಡು ಲೇತ್ ಯಂತ್ರಗಳ ತಯಾರಿಕೆಗೆ ಹೆಸರಾಯಿತು.

ಕ್ಷೌರವೃತ್ತಿಯ ದೃಷ್ಟಿಯಿಂದ ಈ ಬದಲಾವಣೆಗಳ ಪರಿಣಾಮ ದೊಡ್ಡದು. ಗಿರಣಿ ಮತ್ತು ಕಾರ್ಖಾನೆಯ ಕಾರ್ಮಿಕನಿಗೆ ಕೊಡಲು ಕಣದ ಕಾಳಿಲ್ಲ, ಕೈಯಲ್ಲಿ ಸಂಬಳದ ಕಾಸಿದೆ. ಪಾಳಿಯ ಕೆಲಸ ಮುಗಿಸಿ ಬರುವ ಅವನಿಗೆ ಗೊತ್ತಾದ ಜಾಗದಲ್ಲಿ, ಗೊತ್ತಾದ ದರದಲ್ಲಿ ಕ್ಷೌರ ಬೇಕು. ಅದೇ ಕಾಲಕ್ಕೆ ಜುಟ್ಟು ಹೋಗಿ ಕ್ರಾಪು ಬಂದಿತು. ಮುಂದಲೆ ಬೋಳಿಸಲು ಕತ್ತಿಯೊಂದಿದ್ದರೆ ಸಾಕಿತ್ತು; ಕ್ರಾಪಿಗೆ ಕತ್ತರಿ, ಕೈ ಮಿಷನ್, ಎದುರು-ಹಿಂದೆ ಕನ್ನಡಿಗಳು ಹಾಗೂ ತಲೆಯ ಸುತ್ತ ತಿರುಗಾಡಲು ಅನುವಾದ ಎತ್ತರದ ಆಸನ ಅಗತ್ಯವಾದವು. ಹೀಗೆ ಹೆಗಲ ಮೇಲಿನ ಹಡಪ ಗೋಡೆಯ ಕಪಾಟಾಯಿತು. ಮಣೆಯ ಜಾಗಕ್ಕೆ ಕುರ್ಚಿ ಬಂದಿತು. ಪಿ.ಬಿ. ರಸ್ತೆಯ ಪೇಟೆಗಳಲ್ಲಿ ‘ಹೇರ್ ಕಟಿಂಗ್ ಸಲೂನ್’ ಎಂಬ ಫಲಕಗಳು ಕಾಣಿಸಿಕೊಂಡವು.

೫. ಕುರ್ಚಿಯ ಹುಟ್ಟು ಮತ್ತು ರೂಪಾಂತರ

ಕ್ಷೌರಕ್ಕೆಂದೇ ರೂಪಿತವಾದ ಯಾಂತ್ರಿಕ ಕುರ್ಚಿ ಅಮೆರಿಕದ ಕೊಡುಗೆ. ೧೮೭೮ರಲ್ಲಿ ಆರ್ಚರ್ ಕಂಪನಿ ಹೊಂದಿಸಬಹುದಾದ ಕುರ್ಚಿಯನ್ನು ಮಾರುಕಟ್ಟೆಗೆ ತಂದಿತು. ಸಿನ್ಸಿನಾಟಿಯ ಯೂಜೀನ್ ಬರ್ನಿಂಗ್‌ಹೌಸ್ ತಿರುಗುವ ಮತ್ತು ಹಿಂದಕ್ಕೆ ಒರಗುವ ಕುರ್ಚಿಯನ್ನು ಮಾಡಿದನು. ಸೇಂಟ್ ಲೂಯಿಯ ಅರ್ನೆಸ್ಟ್ ಕೊಕೆನ್ ೧೮೯೦ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ಏರಿಳಿಯುವ ಕುರ್ಚಿಯನ್ನು ರೂಪಿಸಿದನು. ಷಿಕಾಗೋದ ಕಾಕ್ಸ್ ಮತ್ತು ಪೈಡಾರ್ ಕಂಪನಿಗಳೂ ಈ ಕ್ಷೇತ್ರದಲ್ಲಿ ಹೆಸರಾದವು. ಜಪಾನಿನ ಒಸಾಕಾದಲ್ಲಿ ೧೯೨೧ರಲ್ಲಿ ಎರಕದ ಕಾರ್ಖಾನೆಯಾಗಿ ಆರಂಭವಾದ ಟಕಾರಾ ಸಂಸ್ಥೆ ೧೯೩೧ರಿಂದ ಕ್ಷೌರದ ಕುರ್ಚಿಗಳ ತಯಾರಿಕೆಗೆ ತೊಡಗಿ ಮುಂದೆ ಕೊಕೆನ್ ಕಂಪನಿಯನ್ನೇ ಕೊಂಡುಕೊಂಡಿತು. ಎರಕದ ಕಬ್ಬಿಣದ ಬುಡ, ಅದರ ಮೇಲೆ ಬಿಳಿಯ ಪಿಂಗಾಣಿ ಲೇಪ, ನಿಕಲ್ ಹೊದಿಸಿದ ಹಿಡಿಕೆಗಳು, ಚರ್ಮದ ಮೆತ್ತೆ ಇವು ಆ ಕುರ್ಚಿಗಳ ಸಾಮಾನ್ಯ ಲಕ್ಷಣ.

ನಮ್ಮ ಪೇಟೆಗಳ ಸಾಮಾನ್ಯ ಸಲೂನುಗಳಲ್ಲಿ ನೆಲೆಗೊಂಡದ್ದು ಈ ಕುರ್ಚಿಯ ದೇಶೀಯ ರೂಪ. ಸಾಗವಾನಿಯಂತಹ ಗಟ್ಟಿಮರದ ಚೌಕಟ್ಟು, ಬೆತ್ತ ಹೆಣೆದ ಪೀಠ ಮತ್ತು ಬೆನ್ನು, ಅಗಲವಾದ ಕೈಗಳು, ಹಲ್ಲುಗಳಿರುವ ಕಬ್ಬಿಣದ ಪಟ್ಟಿಯ ಮೇಲೆ ಮೇಲೆ-ಕೆಳಗೆ ಸರಿಯುವ ತಲೆದಿಂಬು, ಕಾಲಿಡಲು ಓರೆಯಾದ ಹಲಗೆ ಇವು ಅದರ ಅಂಗಗಳು. ಎಣ್ಣೆಯ ಪಂಪಿನ ಬದಲು ತಿರುಪಿನ ಕಂಬ. ಹಲವು ಕುರ್ಚಿಗಳಲ್ಲಿ ಅದೂ ಇಲ್ಲ. ಊರಿನ ಬಡಗಿ ಮತ್ತು ಕಮ್ಮಾರರು ದುರಸ್ತಿ ಮಾಡಬಲ್ಲಂತೆ ವಿದೇಶಿ ಯಂತ್ರವೊಂದು ಸರಳಗೊಂಡಿತು. ಪರಕೀಯ ವಸ್ತುವನ್ನು ತನ್ನ ಕೈಯಳತೆಗೆ ತಂದುಕೊಳ್ಳುವ ಈ ಕ್ರಿಯೆಯೇ ಇದನ್ನು ಜಾನಪದದ ವ್ಯಾಪ್ತಿಗೆ ತರುತ್ತದೆ.

ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಮಕ್ಕಳ ಹಲಗೆ. ಚಿಕ್ಕ ಮಗುವಿನ ತಲೆ ಕೈಗೆಟುಕದಿದ್ದಾಗ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಹಲಗೆಯಿಟ್ಟು ಅದರ ಮೇಲೆ ಮಗುವನ್ನು ಕೂರಿಸುತ್ತಿದ್ದರು. ಜವಳದಲ್ಲಿ ಸೋದರಮಾವನ ತೊಡೆ ನಿರ್ವಹಿಸುತ್ತಿದ್ದ ಕೆಲಸವನ್ನು ಪೇಟೆಯಲ್ಲಿ ಈ ಹಲಗೆ ನಿರ್ವಹಿಸಿತು. ಹಲಗೆಯಿಂದ ಇಳಿದು ಕುರ್ಚಿಯ ಪೀಠದಲ್ಲಿ ಕೂರುವ ದಿನ ಹುಡುಗನೊಬ್ಬ ದೊಡ್ಡವನಾದ ದಿನ. ಹಳೆಯ ಕುರ್ಚಿಗಳ ಕೈಗಳ ಮೇಲೆ ಎರಡೂ ಕಡೆ ಸಮಾನವಾಗಿ ಕಾಣುವ ಸವೆತ ಆ ಹಲಗೆಯ ಗುರುತು.

೬. ಕೂತವರು ಯಾರು, ನಿಂತವರು ಯಾರು

ಕುರ್ಚಿ ಬಂದ ಮೇಲೆ ಗಿರಾಕಿ ಕೂತ, ಕ್ಷೌರಿಕ ಎದ್ದು ನಿಂತ. ಈ ಭಂಗಿಯ ಬದಲಾವಣೆ ಸಾಮಾಜಿಕ ಸಂಬಂಧದ ಬದಲಾವಣೆಯೂ ಆಗಿತ್ತು. ಊರಲ್ಲಿ ಅವನು ಮನೆಯ ಹಿಂಬದಿಗೆ ಹೋಗಬೇಕಿತ್ತು. ಪೇಟೆಯಲ್ಲಿ ಜನ ಅವನ ಅಂಗಡಿಯ ಮುಂಬಾಗಿಲಿಗೆ ಬಂದು ಸರದಿಗೆ ಕಾದರು. ಅಂಗಡಿಯ ಸಮಯ, ದರ, ಮಂಗಳವಾರದ ರಜೆ ಇವುಗಳನ್ನು ಅವನೇ ನಿರ್ಧರಿಸಿದ. ಕಾಯುವ ಬೆಂಚಿನ ಮೇಲೆ ದಿನಪತ್ರಿಕೆ ಬಂದಿತು, ಗೋಡೆಯ ಮೇಲೆ ದೇವರ ಪಟಗಳ ಜೊತೆ ಸಿನಿಮಾ ತಾರೆಯರ ಚಿತ್ರಗಳು ಬಂದವು. ವೃತ್ತಿರಂಗಭೂಮಿಗೆ ಹೆಸರಾದ ದಾವಣಗೆರೆಯಲ್ಲಿ ನಾಟಕದ ಮಾತು ಸಲೂನಿನ ಮಾತೂ ಆಗಿದ್ದುದು ಸಹಜ. ಓದು ಬಾರದವನೂ ಸುದ್ದಿ ಕೇಳಿ ಎದ್ದುಹೋಗುವ ತಾಣವದು.

ಆದರೆ ಈ ಕುರ್ಚಿ ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸುವುದು ಅಸ್ಪೃಶ್ಯತೆಯ ಅತ್ಯಂತ ಹಟಮಾರಿ ರೂಪಗಳಲ್ಲೊಂದು. ಸಂವಿಧಾನದ ೧೭ನೆಯ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ೧೯೭೬ರ ತಿದ್ದುಪಡಿಯ ನಂತರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಕರೆಯಲ್ಪಟ್ಟು, ಇಂತಹ ನಿರಾಕರಣೆಯನ್ನು ಶಿಕ್ಷಾರ್ಹಗೊಳಿಸಿದೆ. ಹಾಗಿದ್ದೂ ಕರ್ನಾಟಕದ ಹಳ್ಳಿಗಳಿಂದ ಇಂತಹ ದೂರುಗಳು ಈ ಶತಮಾನದಲ್ಲೂ ವರದಿಯಾಗಿವೆ. ಗುರುತು ಹಿಡಿಯುವವರಿಲ್ಲದ ಪೇಟೆಯ ಸಲೂನಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಬರುವುದೇ ಹಳ್ಳಿಯ ದಲಿತರಿಗೆ ಉಳಿದ ದಾರಿಯಾಗಿತ್ತು. ಪೇಟೆಯ ಕುರ್ಚಿ ನೀಡಿದ ಸಮಾನತೆ ಬಹುಮಟ್ಟಿಗೆ ಅಪರಿಚಿತತೆಯ ಆಸರೆಯಲ್ಲಿ ನಿಂತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ನಿರಾಕರಣೆಯ ಹೊಣೆಯನ್ನು ಕ್ಷೌರಿಕನೊಬ್ಬನ ಮೇಲೆಯೇ ಹೊರಿಸುವುದು ಪೂರ್ಣಸತ್ಯವಾಗದು. ಹಳ್ಳಿಯ ಕ್ಷೌರಿಕ ಬಲಾಢ್ಯ ಜಾತಿಗಳ ಆಶ್ರಯದಲ್ಲಿ ಬದುಕಿದವನು. ಅವರ ಬಹಿಷ್ಕಾರವೆಂದರೆ ಅವನ ಒಲೆ ಆರುವುದು. ತಾನೇ ಕೀಳೆನಿಸಿಕೊಂಡವನನ್ನು ಇನ್ನೊಬ್ಬನನ್ನು ಕೀಳಾಗಿಸುವ ಸಾಧನವಾಗಿ ಬಳಸಿಕೊಂಡದ್ದು ಜಾತಿವ್ಯವಸ್ಥೆಯ ಕ್ರೌರ್ಯ. ಹಳೆಯ ಕುರ್ಚಿಯೊಂದನ್ನು ಸಂಗ್ರಹಿಸುವಾಗ ಅದರಲ್ಲಿ ಕೂತವರ ನೆನಪಿನಷ್ಟೇ, ಅದರಲ್ಲಿ ಕೂರಲು ಬಿಡದವರ ನೆನಪೂ ದಾಖಲಾಗಬೇಕು.

೭. ಕುರ್ಚಿಗಳು ಮೂಲೆಗೆ ಸೇರಿದ ಬಗೆ

ಹಳೆಯ ಕುರ್ಚಿಗಳು ಕಣ್ಮರೆಯಾಗಲು ಹಲವು ಕಾರಣಗಳಿವೆ. ೨೦ನೆಯ ಶತಮಾನದ ಆರಂಭದಲ್ಲಿ ಜಿಲೆಟ್ ಮಾರುಕಟ್ಟೆಗೆ ತಂದ ಸುರಕ್ಷಿತ ರೇಜರ್ ಕ್ರಮೇಣ ಮನೆಮನೆಗೆ ಬಂದು ಗಡ್ಡದ ಕೆಲಸವನ್ನು ಕಡಿಮೆಗೊಳಿಸಿತು. ಭಾರತದಲ್ಲಿ ೧೯೮೬ರಲ್ಲಿ ಎಚ್‌ಐವಿ ಸೋಂಕು ಪತ್ತೆಯಾದ ನಂತರ ಬೆಳೆದ ಎಚ್ಚರದಿಂದ ಸಾಣೆ ಹಿಡಿಯುವ ಕತ್ತಿ ಹೋಗಿ ಬಳಸಿ ಬಿಸಾಡುವ ಬ್ಲೇಡು ಬಂದಿತು. ಅದರೊಡನೆ ಕುರ್ಚಿಯ ಕೈಗೆ ತೂಗುಬಿಡುತ್ತಿದ್ದ ಚರ್ಮದ ಪಟ್ಟೆಯೂ ಮರೆಯಾಯಿತು. ದಾವಣಗೆರೆಯ ಗಿರಣಿಗಳು ಸೊರಗಿದವು. ಈ ಶತಮಾನದ ಆರಂಭದಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಮುಚ್ಚಿತು. ಸಂಬಳದ ದಿನ ಸಾಲುಗಟ್ಟಿ ಬರುವ ಗಿರಾಕಿಗಳು ಇಲ್ಲವಾದರು. ಮುಂದಿನ ಪೀಳಿಗೆ ಫೋಮ್ ಮತ್ತು ರೆಕ್ಸಿನ್ನಿನ ಹೊಸ ಕುರ್ಚಿಗಳನ್ನು ತಂದಿತು.

೨೦೨೦ರ ಮಾರ್ಚಿಯಲ್ಲಿ ಕೊರೊನಾ ಕಾರಣದಿಂದ ಸಲೂನುಗಳು ಮುಚ್ಚಿದಾಗ ವೃತ್ತಿಯ ಆರ್ಥಿಕ ದುರ್ಬಲತೆ ಬಯಲಾಯಿತು. ಆ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು ೨,೩೦,೦೦೦ ಕ್ಷೌರಿಕರಿಗೆ ತಲಾ ೫,೦೦೦ ರೂಪಾಯಿಗಳ ಒಂದಾವರ್ತಿ ನೆರವನ್ನು ಪ್ರಕಟಿಸಿತು. ಈ ಸಂಖ್ಯೆಯಿಂದ ವೃತ್ತಿಯ ವಿಸ್ತಾರವನ್ನು ಊಹಿಸಬಹುದು. ಇಷ್ಟು ದೊಡ್ಡ ದುಡಿಯುವ ಸಮುದಾಯದ ಭೌತಿಕ ಚರಿತ್ರೆಗೆ ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ದೊರೆತಿರುವ ಜಾಗ ಅತ್ಯಲ್ಪ.

೮. ಜೀರ್ಣೋದ್ಧಾರದ ವಿಧಾನ

ಹಳೆಯ ಕುರ್ಚಿಯ ಕಾಲನಿರ್ಣಯಕ್ಕೆ ಅದರ ಅಂಗಗಳೇ ಆಧಾರ. ಪಾದಪೀಠದ ಎರಕದಲ್ಲಿ ತಯಾರಕರ ಹೆಸರು, ಪೇಟೆಂಟಿನ ವರ್ಷ ಮೂಡಿರುವುದುಂಟು. ಪೇಟೆಂಟಿನ ವರ್ಷ ಕುರ್ಚಿ ತಯಾರಾದ ವರ್ಷವಲ್ಲ. ಅದಕ್ಕಿಂತ ಹಿಂದಿನದಲ್ಲ ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಲೋಹದ ಹೊಳಪು ತುಸು ಹಳದಿ ಛಾಯೆಯದಾದರೆ ನಿಕಲ್, ನೀಲಿ ಛಾಯೆಯದಾದರೆ ಕ್ರೋಮಿಯಂ. ಕ್ರೋಮಿಯಂ ಲೇಪ ವ್ಯಾಪಕವಾದದ್ದು ೧೯೨೦ರ ದಶಕದ ನಂತರ. ತಿರುಪಿನ ತಲೆಯಲ್ಲಿ ಒಂದೇ ಗೀರಿಗೆ ಬದಲು ಕೂಡುಗುರುತಿನ ಗೀರಿದ್ದರೆ ಅದು ೧೯೩೦ರ ದಶಕದ ನಂತರದ ಜೋಡಣೆ ಅಥವಾ ದುರಸ್ತಿ. ಮೆತ್ತೆಯನ್ನು ಬಿಚ್ಚಿದಾಗ ರೆಕ್ಸಿನ್ನಿನ ಕೆಳಗೆ ನಾರು, ನಾರಿನ ಕೆಳಗೆ ಬೆತ್ತ ಹೀಗೆ ಪದರಗಳು ದೊರೆಯಬಹುದು. ಉತ್ಖನನದಲ್ಲಿ ಮಣ್ಣಿನ ಪದರಗಳನ್ನು ಓದುವಂತೆ ಇವುಗಳನ್ನು ಓದಬೇಕು.

ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಕುರ್ಚಿಯನ್ನು ಎಲ್ಲ ಬದಿಗಳಿಂದ ಛಾಯಾಚಿತ್ರ ತೆಗೆದು, ಬಿಚ್ಚಿದ ಪ್ರತಿಯೊಂದು ಅಂಗಕ್ಕೂ ಚೀಟಿ ಕಟ್ಟುವುದು ಮೊದಲ ಹೆಜ್ಜೆ. ಎರಕದ ಕಬ್ಬಿಣ ಪೆಡಸು ಲೋಹ. ಬಿರುಕು ಬಿಟ್ಟ ಬುಡವನ್ನು ಅವಸರದಲ್ಲಿ ಬೆಸೆದರೆ ಮಗ್ಗುಲಲ್ಲೇ ಮತ್ತೊಂದು ಬಿರುಕು ಮೂಡುತ್ತದೆ. ನಿಧಾನವಾಗಿ ಕಾಯಿಸಿ ಬೆಸೆಯುವುದು ಅಥವಾ ಹಿತ್ತಾಳೆಯಿಂದ ಕೂಡಿಸುವುದು ಬಲ್ಲವರ ಕ್ರಮ. ಪಿಂಗಾಣಿ ಲೇಪವು ಸುಮಾರು ೮೦೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಕೂಡಿದ ಗಾಜು. ಅದು ಚೆಕ್ಕೆಯೆದ್ದ ಕಡೆ ಬಣ್ಣ ಬಳಿಯುವುದು ಮರೆಮಾಚುವಿಕೆಯೇ ಹೊರತು ದುರಸ್ತಿಯಲ್ಲ. ಎಣ್ಣೆಯ ಪಂಪಿರುವ ಕುರ್ಚಿಗಳಲ್ಲಿ ಒಣಗಿದ ವಾಷರುಗಳನ್ನು ಬದಲಿಸಿ, ಜಿಡ್ಡುಗಟ್ಟಿದ ಎಣ್ಣೆಯನ್ನು ತೆಗೆಯಬೇಕು. ಲೇತ್ ಕೆಲಸ ಮತ್ತು ಎರಕದ ಕೆಲಸಗಳಿಗೆ ಹೆಸರಾದ ಹರಿಹರದಂತಹ ಊರಿನಲ್ಲಿ ಇಂತಹ ದುರಸ್ತಿಗೆ ಬೇಕಾದ ಕೈಚಳಕ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಮರದ ಕುರ್ಚಿಯ ಕೆಲಸ ಇನ್ನೂ ಸೂಕ್ಷ್ಮ. ಒಂದರ ಮೇಲೊಂದು ಬಳಿದ ಎಣ್ಣೆಬಣ್ಣವನ್ನು ಉಜ್ಜುಕಾಗದದಿಂದ ಒರಟಾಗಿ ತೆಗೆದರೆ ಹಲಗೆಯ ಸವೆತ, ಮೊಣಕೈಗಳ ಸವೆತ ಎಲ್ಲವೂ ಅಳಿಸಿಹೋಗುತ್ತವೆ. ಬೆತ್ತದ ಎಳೆಗಳನ್ನು ನೀರಿನಲ್ಲಿ ನೆನೆಸಿ, ಚೌಕಟ್ಟಿನ ರಂಧ್ರಗಳ ಮೂಲಕ ಅಡ್ಡ, ಉದ್ದ, ಓರೆಯಾಗಿ ಸೆಳೆದು ಜಾಲರಿ ಹೆಣೆಯುವ ವಿದ್ಯೆ ಬಲ್ಲವರು ಈಗ ವಿರಳ. ಅಂಧರ ತರಬೇತಿ ಸಂಸ್ಥೆಗಳಲ್ಲಿ ಈ ಕಸುಬನ್ನು ಬಹುಕಾಲ ಕಲಿಸಲಾಗುತ್ತಿತ್ತು. ಬೆರಳ ತುದಿಯಿಂದಲೇ ನಡೆಯುವ ಕೆಲಸಕ್ಕೆ ಕಣ್ಣಿನ ಹಂಗಿರಲಿಲ್ಲ.

ಇಲ್ಲಿ ಎರಡು ಧೋರಣೆಗಳ ನಡುವೆ ಘರ್ಷಣೆಯಿದೆ. ಮಾರುವವನಿಗೆ ಕುರ್ಚಿ ಹೊಸದರಂತೆ ಹೊಳೆಯಬೇಕು. ಹೋಟೆಲಿನ ಪಡಸಾಲೆಯಲ್ಲಿ ಅಲಂಕಾರವಾಗಿ ನಿಲ್ಲಲು ಅದಕ್ಕೆ ಊರಿನ ಹೆಸರಾಗಲಿ ದುಡಿದವರ ಹೆಸರಾಗಲಿ ಬೇಡ. ಅಧ್ಯಯನಕಾರನಿಗೆ ಸವೆತವೇ ಮುಖ್ಯ ಬರಹ. ಸಡಿಲಾದದ್ದನ್ನು ಭದ್ರಗೊಳಿಸಿ, ತುಕ್ಕು ಮತ್ತು ಗೆದ್ದಲನ್ನು ತಡೆದು, ಉಳಿದುದನ್ನು ಇದ್ದಂತೆಯೇ ಬಿಡುವುದು ಈ ಎರಡನೆಯ ಧೋರಣೆಯ ನಿಯಮ. ಹೊಸದಾಗಿ ಸೇರಿಸಿದ ಭಾಗ ಹೊಸದೆಂದು ತಿಳಿಯುವಂತಿರಬೇಕು. ಕುರ್ಚಿಯೊಡನೆ ಅದು ಯಾವ ಊರಿನ ಯಾವ ಬೀದಿಯಲ್ಲಿತ್ತು, ಎಷ್ಟು ತಲೆಮಾರು ದುಡಿಯಿತು, ದರ ಎಷ್ಟಿತ್ತು, ಯಾರು ಬರುತ್ತಿದ್ದರು, ಯಾರು ಬರುವಂತಿರಲಿಲ್ಲ ಎಂಬ ಮೌಖಿಕ ಮಾಹಿತಿಯನ್ನು ವೃತ್ತಿಯ ಹಿರಿಯರಿಂದಲೇ ಬರೆದಿಟ್ಟುಕೊಳ್ಳಬೇಕು.

೯. ಸಮಾರೋಪ

ಹಳೆಯ ಕುರ್ಚಿಯನ್ನು ಉಳಿಸಿಕೊಳ್ಳುವ ಪ್ರಶ್ನೆಗೆ ವೃತ್ತಿಯವರೆಲ್ಲರ ಉತ್ತರ ಒಂದೇ ಆಗಿರಲಾರದು. ಕೆಲವರಿಗೆ ಅದು ತಂದೆಯ ದುಡಿಮೆಯ ನೆನಪು. ಕೆಲವರಿಗೆ ಮರೆಯಬೇಕೆನಿಸುವ ಅವಮಾನದ ಗುರುತು. ಈ ಎರಡು ಭಾವಗಳಿಗೂ ಚರಿತ್ರೆಯ ಆಧಾರವಿರುವುದರಿಂದ ಸಂಗ್ರಹಕಾರರು ಎರಡನ್ನೂ ಗೌರವಿಸಬೇಕಾಗುತ್ತದೆ. ಕುರ್ಚಿಯನ್ನು ಕೇಳುವ ಮೊದಲು ಅದರ ಮಾತನ್ನು ಕೇಳುವುದು, ಕೊಂಡೊಯ್ದ ಮೇಲೆ ಕೊಟ್ಟವರ ಹೆಸರನ್ನು ಅವರ ಒಪ್ಪಿಗೆಯೊಡನೆ ಉಳಿಸುವುದು ಈ ಗೌರವದ ಭಾಗ.

ಕಣದ ಕಾಳಿನಿಂದ ಕೈಗಾಸಿಗೆ, ಹಿತ್ತಿಲಿನಿಂದ ಮುಂಬೀದಿಗೆ, ಕುಕ್ಕರುಗಾಲಿನಿಂದ ನಿಲುವಿಗೆ ಬಂದ ಒಂದು ಸಮುದಾಯದ ಪಯಣಕ್ಕೆ ಈ ಕುರ್ಚಿ ಸಾಕ್ಷಿ. ವಿಜಯನಗರದ ಕಾಲದಲ್ಲಿ ಆ ಸಮುದಾಯಕ್ಕೆ ದೊರೆತ ವಿನಾಯಿತಿಯನ್ನು ಕಲ್ಲು ಇಂದಿಗೂ ಹೇಳುತ್ತಿದೆ. ೨೦ನೆಯ ಶತಮಾನದಲ್ಲಿ ಅದು ತಾನೇ ಗಳಿಸಿಕೊಂಡ ನಿಲುವನ್ನು ಹೇಳಲು ಉಳಿದಿರುವುದು ಮರ, ಬೆತ್ತ ಮತ್ತು ಎರಕದ ಕಬ್ಬಿಣ. ದಾವಣಗೆರೆ, ಹರಿಹರ, ಗುತ್ತೂರುಗಳ ಸೀಮೆಯಲ್ಲಿ ಇಂತಹ ಕುರ್ಚಿಗಳ ಊರುವಾರು ಪಟ್ಟಿಯೊಂದನ್ನು ಸಿದ್ಧಪಡಿಸುವುದು, ಕನಿಷ್ಠ ಒಂದು ಹಳೆಯ ಸಲೂನನ್ನಾದರೂ ಕನ್ನಡಿ, ಬೆಂಚು, ಹಲಗೆಗಳ ಸಮೇತ ಇಡಿಯಾಗಿ ಉಳಿಸಿಕೊಳ್ಳುವುದು ಆಗಬೇಕಾದ ಕೆಲಸ. ಕತ್ತಿಗೆ ಸಾಣೆ ಹಿಡಿದ ಕೈಗಳು, ಆ ಕುರ್ಚಿಯ ಹಿಂದೆ ನಿಂತು ದುಡಿದ ಹಿರಿಯರು ನಮ್ಮ ನಡುವೆ ಇರುವಾಗಲೇ ಅದು ಆಗಬೇಕು.